ಬಾಯಿ ಕ್ಯಾನ್ಸರ್: ವರದಿಯ ಪ್ರೊಟೀನ್ ನೋಡಿ ಕೈಚೆಲ್ಲಬೇಡಿ

ಕಾಳಗಿಯ ನನ್ನ ದವಾಖಾನೆಗೆ ಈಚೆಗೆ ಯುವಕನೊಬ್ಬ ತಂದೆಯ ಬಯಾಪ್ಸಿ ವರದಿ ಹಿಡಿದು ಬಂದ. ತಂದೆ ಶಹಾಬಾದ್ ಕಡೆ ಕಲ್ಲಿನ ಕೆಲಸ ಮಾಡುವವರು, ಹಲವು ವರ್ಷಗಳಿಂದ ಗುಟ್ಕಾ ತಿನ್ನುವವರು. ವರದಿಯಲ್ಲಿ ‘ಪಿ53’, ‘ಕೆಐ-67’ ಎಂದೆಲ್ಲ ಬರೆದಿತ್ತು. “ಡಾಕ್ಟರ್ ಸಾಬ್, ಇವು ಜಾಸ್ತಿ ಅವ ಅಂತ್ರಿ. ಅಬ್ಬಾ ಉಳಿಯಂಗಿಲ್ಲೇನ್ರಿ?” ಎಂದು ಕೇಳಿದ. ಆಪರೇಶನ್ ಬೇಡವೆಂದು ಮನೆಯಲ್ಲಿ ಆಗಲೇ ಮಾತು ನಡೆದಿತ್ತು.

ಇಂಥ ಮನೆಗಳಿಗಾಗಿಯೇ ಈ ಮಾತು ಬರೆಯುತ್ತಿದ್ದೇನೆ. ಪಿ53 ನಮ್ಮ ಜೀವಕೋಶದ ಕಾವಲುಗಾರ. ಕೋಶ ಕೆಟ್ಟರೆ ಅದು ಬೆಳೆಯದಂತೆ ತಡೆಯುತ್ತದೆ. ಅದರ ವಂಶವಾಹಿ ಹಾಳಾದಾಗ ಕೆಟ್ಟ ಪ್ರೊಟೀನ್ ಹೆಚ್ಚಾಗಿ ಕೋಶದಲ್ಲಿ ಶೇಖರವಾಗುತ್ತದೆ. ಕೆಐ-67 ವಿಭಜನೆಯಾಗುತ್ತಿರುವ ಕೋಶಗಳಲ್ಲಿ ಮಾತ್ರ ಕಾಣುತ್ತದೆ. ಗಡ್ಡೆ ಎಷ್ಟು ಚುರುಕಾಗಿ ಬೆಳೆಯುತ್ತಿದೆ ಎಂಬುದಕ್ಕೆ ಅದೊಂದು ಸುಳಿವು. ಪಿ16 ಎಂಬ ಇನ್ನೊಂದು ಪ್ರೊಟೀನ್ ಗಂಟಲಿನ ಕೆಲವು ಕ್ಯಾನ್ಸರ್‌ಗಳಲ್ಲಿ ಚಿಕಿತ್ಸೆ ಫಲಿಸುವ ಒಳ್ಳೆಯ ಸೂಚನೆ. ಆದರೆ ಕೆನ್ನೆ, ನಾಲಗೆಯ ಕ್ಯಾನ್ಸರ್‌ಗೆ ಆ ಲೆಕ್ಕ ಹೊಂದುವುದಿಲ್ಲ. ಸಂಶೋಧನೆ ನಡೆಯುತ್ತಲೇ ಇದೆ, ನಡೆಯಬೇಕು. ಆದರೆ ಬಾಯಿ ಕ್ಯಾನ್ಸರ್‌ನಲ್ಲಿ ರೋಗಿ ಉಳಿಯುತ್ತಾನೋ ಇಲ್ಲವೋ ಎಂದು ಯಾವ ಒಂದು ಪ್ರೊಟೀನೂ ಇಂದು ತೀರ್ಪು ಕೊಡಲಾರದು.

ವೈದ್ಯರು ಮುಖ್ಯವಾಗಿ ನೋಡುವುದು ಗಡ್ಡೆಯ ಗಾತ್ರ, ಆಳ, ಮತ್ತು ಅದು ಕುತ್ತಿಗೆಯ ಗ್ರಂಥಿಗಳಿಗೆ ಹರಡಿದೆಯೇ ಎಂಬುದನ್ನು. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆ 2015ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಆರಂಭದ ಹಂತದ ರೋಗಿಗಳಲ್ಲಿ ಬಾಯಿಯ ಗಡ್ಡೆಯ ಜೊತೆಗೇ ಕುತ್ತಿಗೆಯ ಗ್ರಂಥಿಗಳನ್ನೂ ತೆಗೆಸಿಕೊಂಡವರಲ್ಲಿ ಮೂರು ವರ್ಷದ ನಂತರ ನೂರಕ್ಕೆ 80 ಮಂದಿ ಬದುಕಿದ್ದರು. ಗ್ರಂಥಿ ಊದಿದ ಮೇಲೆ ತೆಗೆದರಾಯಿತೆಂದು ಕಾದವರಲ್ಲಿ ಸುಮಾರು 68 ಮಂದಿ. ಅಂದರೆ ಸಕಾಲದ ಚಿಕಿತ್ಸೆ ನಮ್ಮ ಕೈಯಲ್ಲಿದೆ, ಆಯುಷ್ಯ ಅಲ್ಲಾಹನ ಕೈಯಲ್ಲಿದೆ.

ಯುನಾನಿಯಲ್ಲಿ ಕ್ಯಾನ್ಸರನ್ನು ‘ಸರತಾನ್’, ಅಂದರೆ ಏಡಿ ಎನ್ನುತ್ತೇವೆ. ನಾನು ಯುನಾನಿ ವೈದ್ಯನಾಗಿಯೇ ಹೇಳುತ್ತೇನೆ: ಇದಕ್ಕೆ ಮಾಜೂನ್, ಲೇಪ ಎಂದು ಕಾಲ ಕಳೆಯಬೇಡಿ. ಬಯಾಪ್ಸಿ ಮಾಡಿದರೆ ರೋಗ ಹರಡುತ್ತದೆ ಎಂಬ ಭಯವನ್ನೂ ಬಿಡಿ. ಕಲಬುರಗಿಯಲ್ಲಿಯೇ ಕಿದ್ವಾಯಿ ಸಂಸ್ಥೆಯ ಕೇಂದ್ರವಿದೆ. ಬಿಪಿಎಲ್ ಕಾರ್ಡಿನವರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ಅಲ್ಲಿಯೇ ವಿಚಾರಿಸಿ.

ರಾಜ್ಯದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಈಗ ಪಾನ್ ಮಸಾಲಾ, ತಂಬಾಕು ಬೇರೆ ಬೇರೆ ಚೀಟಿನಲ್ಲಿ ಬರುತ್ತಿವೆ, ಬಾಯಲ್ಲಿ ಒಂದಾಗುತ್ತಿವೆ. ತಂಬಾಕಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ನಮ್ಮ ಶಾದಿಗಳಲ್ಲಿ ಸುಪಾರಿ ತಟ್ಟೆ ಹಿಡಿಯುವವರು ಇದನ್ನು ನೆನಪಿಡಬೇಕು.

ದಿನಕ್ಕೆ ಐದು ಬಾರಿ ವುಝೂ ಮಾಡುವಾಗ ಬಾಯಿ ಮುಕ್ಕಳಿಸುತ್ತೇವೆ. ವಾರಕ್ಕೊಮ್ಮೆ, ಜುಮಾದ ದಿನ, ಕನ್ನಡಿಯ ಮುಂದೆ ಬಾಯಿ ತೆರೆದು ನೋಡಿಕೊಳ್ಳಿ. ಬಿಳಿ ಅಥವಾ ಕೆಂಪು ಮಚ್ಚೆ, ಎರಡು–ಮೂರು ವಾರವಾದರೂ ಮಾಯದ ಹುಣ್ಣು, ಬಾಯಿ ಪೂರ್ತಿ ತೆರೆಯಲಾಗದಿರುವುದು ಕಂಡರೆ ತಡಮಾಡದೆ ತೋರಿಸಿ.

ಆ ಯುವಕನಿಗೂ ಇದನ್ನೇ ಹೇಳಿದೆ: “ಬೇಟಾ, ಈ ಕಾಗದ ಮಡಚಿ ಜೇಬಿನಲ್ಲಿಡು. ನಾಳೆ ಬೆಳಗಿನ ಬಸ್ಸಿಗೆ ಅಬ್ಬಾನನ್ನು ಕಲಬುರಗಿಗೆ ಕರೆದುಕೊಂಡು ಹೋಗು.”