ನಾಲ್ಕು ಸ್ಕ್ರೂ ಸಡಿಲಾದ್ರೆ ಮೇಜೇ ಹಾಳಾಯ್ತಾ?

ಕಳೆದ ಮಳೆಗಾಲದಲ್ಲಿ ಕುಳಗಿಯಿಂದ ತಮ್ಮನ ಫೋನು. “ಅಣ್ಣಾ, ಅಜ್ಜನ ಮೇಜಿನ ಡ್ರಾಯರ್ ತೆಗೀಲಿಕ್ಕೇ ಬರ್ತಾ ಇಲ್ಲ. ಎಳೆದ್ರೆ ಹಿಡಿಕೆ ಕೈಗೇ ಬಂತು. ಹಳೇ ಸಾಮಾನು ತಗೊಳ್ಳೋರು ಬಂದಿದ್ರು, ಕೊಟ್ಟುಬಿಡ್ಲಾ? ಮಗಳಿಗೆ ಓದ್ಲಿಕ್ಕೆ ಆನ್‌ಲೈನ್‌ನಲ್ಲಿ ಹೊಸ ಟೇಬಲ್ ನೋಡಿದ್ದೇನೆ.”

ನಾನು ಬೈದೆ. ಬೈದ ಮೇಲೆ ನಾಚಿಕೆಯೂ ಆಯ್ತು. ಬೆಂಗಳೂರಿನ ನನ್ನ ಬಾಡಿಗೆ ಮನೆಯಲ್ಲಿರೋದು ಅಂಥದ್ದೇ ಟೇಬಲ್. ಮರದ ಪುಡಿಗೆ ಅಂಟು ಬೆರೆಸಿ ಒತ್ತಿದ ಹಲಗೆ, ಅದರ ಮೇಲೆ ಸಾಗವಾನಿಯ ಚಿತ್ರವಿರೋ ಕಾಗದ. ನೀರು ಚೆಲ್ಲಿದ್ದಕ್ಕೆ ಅಂಚು ಉಬ್ಬಿತು. ಕಿತ್ತ ಸ್ಕ್ರೂ ಮತ್ತೆ ಕೂರಲಿಲ್ಲ, ತೂತೇ ಪುಡಿಯಾಗಿತ್ತು. ಇಂಥದ್ದನ್ನು ನಮ್ಮೂರಿನ ಮಳೆಗೆ ಒಯ್ದಿಟ್ಟರೆ ಎಷ್ಟು ವರ್ಷ ಬಂದೀತು?

ನಾವು ಸಾಫ್ಟ್‌ವೇರ್‌ನವರು ಬಟನ್ ಕೆಲಸ ಮಾಡದಿದ್ರೆ ಬಟನ್ ಸರಿಮಾಡ್ತೇವೆ, ಡೇಟಾಬೇಸ್ ಅಳಿಸೋದಿಲ್ಲ. ಮನೆಯ ಮೇಜಿನ ವಿಷಯಕ್ಕೆ ಬಂದ್ರೆ ಮಾತ್ರ ಈ ಬುದ್ಧಿ ಎಲ್ಲಿ ಹೋಗುತ್ತೆ?

“ಬಡಗಿ ಸಿಗೋದಿಲ್ಲ, ಸಿಕ್ಕರೆ ಕೂಲಿ ಜಾಸ್ತಿ” ಅಂತೀರಿ. ನಿಜ. ಆದರೆ ಹಿಡಿಕೆ ಬದಲಿಸಲು ಬಡಗಿಯೇ ಬೇಕಾಗಿಲ್ಲ. ಎರಡು ತೂತುಗಳ ನಡುವಿನ ಅಂತರ ಅಳೆಯಿರಿ. ಈಗಿನ ಹಿಡಿಕೆಗಳು ಹೆಚ್ಚಾಗಿ 96 ಅಥವಾ 128 ಮಿಲಿಮೀಟರಿನವು. ಹಳೇ ಮೇಜು ಇಂಚಿನ ಲೆಕ್ಕದ್ದು, 3 ಇಂಚು ಅಂದ್ರೆ 76. ಹೊಂದದಿದ್ರೆ ಹಳೇ ತೂತಿಗೆ ಸಾಗವಾನಿಯದೇ ಚಕ್ಕೆಯನ್ನು ಅಂಟು ಹಚ್ಚಿ ಬಡಿದು, ಮರುದಿನ ಹೊಸ ತೂತು ಹಾಕಿ. ಹಿಡಿಕೆಯ ಜೊತೆ ಬರೋ ಸ್ಕ್ರೂ ತೆಳು ಹಲಗೆಗೆ ಮಾಡಿದ್ದು. ದಪ್ಪ ಸಾಗವಾನಿಗೆ ಗಿಡ್ಡ ಆದೀತು, ಉದ್ದದ್ದು ತನ್ನಿ.

ಮಳೆಗಾಲದಲ್ಲಿ ಡ್ರಾಯರ್ ಬಿಗಿಯಾದ್ರೆ ಕೀಸುಳಿ ಹಿಡೀಬೇಡಿ. ಮರ ತೇವ ಕುಡಿದು ಉಬ್ಬಿದೆ, ಬೇಸಿಗೆಗೆ ತಾನೇ ಇಳಿಯುತ್ತೆ. ಜಾರುವ ಪಟ್ಟಿಗೆ ಮೇಣದಬತ್ತಿ ಉಜ್ಜಿ. ಅಂಗಡಿಯವನು “ಚಾನೆಲ್ ಹಾಕಿಸಿ ಸರ್, ಸ್ಮೂತ್ ಆಗುತ್ತೆ” ಅಂದ್ರೆ ಸ್ವಲ್ಪ ತಡೀರಿ. ಬದಿಗೆ ಕೂರೋ ಚಾನೆಲ್‌ಗೆ ಎರಡೂ ಕಡೆ ಅರ್ಧರ್ಧ ಇಂಚು ಜಾಗ ಬೇಕು. ಹಳೇ ಡ್ರಾಯರ್‌ನಲ್ಲಿ ಆ ಜಾಗ ಇರೋದಿಲ್ಲ, ಡ್ರಾಯರನ್ನೇ ಕೊಯ್ಯಬೇಕಾಗುತ್ತೆ. ಅದು ದುರಸ್ತಿಯಲ್ಲ.

ಇನ್ನು ಕೆಲವರದ್ದು ಇನ್ನೊಂದು ಅತಿ. ಅಜ್ಜನ ಕಾಲದ ಹಿಡಿಕೆ ಮುಟ್ಟಬಾರದಂತೆ. ಯಾಕೆ ಸ್ವಾಮಿ? ಹಿತ್ತಾಳೆ ಗಟ್ಟಿಯಿದ್ರೆ ಹುಣಸೆಹಣ್ಣು ಹಚ್ಚಿ ತಿಕ್ಕಿ ಉಳಿಸಿಕೊಳ್ಳಿ. ಮುರಿದಿದ್ರೆ ಬದಲಿಸಿ. ಮೇಜು ಇರೋದು ಬಳಸಲಿಕ್ಕೆ, ಪೂಜೆಗಲ್ಲ.

ನನ್ನ ಸಿಟ್ಟಿಗೆ ಕಾರಣ ಅಜ್ಜನ ನೆನಪೊಂದೇ ಅಲ್ಲ. ಸಾಗವಾನಿ ಬಲಿಯಲು ಐವತ್ತು-ಅರವತ್ತು ವರ್ಷ ಬೇಕು. ದಾಂಡೇಲಿಯ ಡಿಪೋದಲ್ಲಿ ನಂಬರ್ ಹೊಡೆದು ಸಾಲಾಗಿ ಮಲಗಿಸಿದ ದಿಮ್ಮಿಗಳನ್ನು ನೋಡುತ್ತಾ ಬೆಳೆದವರು ನಾವು. ಸಾಗವಾನಿ ನೆಡುತೋಪಿಗಾಗಿ ನಮ್ಮ ಜಿಲ್ಲೆಯಲ್ಲಿ ಸಹಜ ಕಾಡನ್ನೇ ಬೋಳಿಸಿದ್ದೂ ಉಂಟು. 1983ರಲ್ಲಿ ಶಿರಸಿ ಕಡೆಯ ಸಾಲ್ಕಣಿಯ ಜನ ಮರ ಅಪ್ಪಿಕೊಂಡು ನಿಂತದ್ದು ಸುಮ್ಮನೆ ಅಲ್ಲ. ನಮ್ಮೂರ ಸುತ್ತಲಿನ ಕಾಡು ಇವತ್ತು ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಅಲ್ಲಿ ಮರಕ್ಕೆ ಕೊಡಲಿ ಹಾಕಬಾರದು ಅಂತ ನಾವೇ ಭಾಷಣ ಮಾಡ್ತೇವೆ. ಆದರೆ ಆಗಲೇ ಕಡಿದು ಮನೆಗೆ ತಂದ ಮರವನ್ನು ನಾಲ್ಕು ಸ್ಕ್ರೂ ಸಡಿಲಾಯ್ತು ಅಂತ ಗುಜರಿಗೆ ಹಾಕ್ತೇವೆ. ಕಾಡು ಆ ಮರದ ಬೆಲೆ ಆಗಲೇ ತೆತ್ತಿದೆ. ಅದನ್ನು ಪೂರ್ತಿ ಬಳಸೋದಾದ್ರೂ ನಮ್ಮಿಂದ ಆಗಬೇಡವಾ?

ಫೆಬ್ರವರಿಯಲ್ಲಿ ಊರಿಗೆ ಹೋದೆ. ಡ್ರಾಯರ್ ತಾನಾಗಿಯೇ ಸಡಿಲಾಗಿತ್ತು. ಎರಡು ಹಿಡಿಕೆ, ನಾಲ್ಕು ಸ್ಕ್ರೂ, ಒಂದು ಮೇಣದಬತ್ತಿ. ಐನೂರು ರೂಪಾಯಿಯೊಳಗೆ ಕೆಲಸ ಮುಗೀತು. ತಮ್ಮನ ಮಗಳು ಈಗ ಅಲ್ಲೇ ಓದ್ತಾಳೆ. ಹಿಡಿಕೆ ಆರಿಸಿದ್ದು ಅವಳೇ, ಹೊಳೆಯೋ ನೀಲಿ ಬಣ್ಣದ್ದು. ನನಗೆ ಒಂಚೂರೂ ಹಿಡಿಸಲಿಲ್ಲ. ಹಿಡಿಸಬೇಕು ಅಂತಲೂ ಇಲ್ಲ, ಮೇಜು ಈಗ ಅವಳದ್ದು.