ಹೊಸಬರ ಮಾಯಾಲೋಕಕ್ಕೆ ಬಾಗಿಲು ಮುಚ್ಚಬೇಡಿ

ಫ್ಯಾಂಟಸಿ ಇಂಗ್ಲಿಷಿನಿಂದ ಬಂದ ಮಕ್ಕಳಾಟ, ಹೆಸರು ಕೇಳದವರ ಚೊಚ್ಚಲ ಕಾದಂಬರಿ ಓದುವುದು ಕಾಲಹರಣ: ಕಳೆದ ಸಂಚಿಕೆಯ ಲೇಖನದ ಈ ಎರಡೂ ಮಾತು ತಪ್ಪು.

ಲೇಖಕರು ಚಳ್ಳಕೆರೆ ಸೀಮೆಗೆ ಬರಲಿ. ಇಂದು ವರವು ಕಾವಲಿನಲ್ಲಿ ಡಿಆರ್‌ಡಿಒ ಪೈಲಟ್‌ ಇಲ್ಲದ ವಿಮಾನಗಳನ್ನು ಹಾರಿಸಿ ಪರೀಕ್ಷಿಸುತ್ತದೆ. ಅದೇ ಸೀಮೆಯಲ್ಲಿ ಮ್ಯಾಸಬೇಡರ ಕಿಲಾರಿಗಳು ದೇವರ ಎತ್ತುಗಳನ್ನು ಮೇಯಿಸುತ್ತಾರೆ, ಕಾಡುಗೊಲ್ಲರು ತಮ್ಮ ವೀರರಾದ ಜುಂಜಪ್ಪ, ಎತ್ತಪ್ಪರ ಪವಾಡಗಳನ್ನು ಹಾಡುತ್ತಾರೆ. ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಸಾವಿರಾರು ಪದ ಆಕೆಯ ಬಾಯಲ್ಲಿದ್ದವು. ಜಾನಪದ ವಿದ್ವಾಂಸ ಕೃಷ್ಣಮೂರ್ತಿ ಹನೂರರಂಥವರು ಕೂತು ಕೇಳಿ ಬರೆದುಕೊಳ್ಳದಿದ್ದರೆ ಹಟ್ಟಿಯಾಚೆಯ ಓದುಗರಿಗೆ ಅವು ಸಿಗುತ್ತಿದ್ದವೇ? ಹೆಸರಿದೆಯೇ ಎಂದು ಅವರು ಮೊದಲು ವಿಚಾರಿಸಲಿಲ್ಲ.

ಮಾಯಾಲೋಕ ನಮ್ಮದೇ ಎಂಬುದಕ್ಕೆ ಬರಹದ ಸಾಕ್ಷಿಯೇ ಬೇಕೆಂದರೆ 12ನೆಯ ಶತಮಾನದ ನೇಮಿಚಂದ್ರನಿದ್ದಾನೆ. ಅವನ ‘ಲೀಲಾವತಿ’ಯ ರಾಜಕುಮಾರ ಕನಸಿನಲ್ಲಿ ಕಂಡವಳನ್ನು ಹುಡುಕಿಕೊಂಡು ಹೊರಡುತ್ತಾನೆ.

ಇನ್ನು ಚೊಚ್ಚಲ ಕೃತಿಯ ಮಾತು. ಹಿಂದಿಯಲ್ಲಿ ದೇವಕೀನಂದನ ಖತ್ರಿ ಮನೆಮಾತಾದದ್ದು ಮೊದಲ ಕಾದಂಬರಿ ‘ಚಂದ್ರಕಾಂತಾ’ದಿಂದಲೇ. 1997ರಲ್ಲಿ ರೌಲಿಂಗ್ ಅವರ ಮೊದಲ ಹ್ಯಾರಿ ಪಾಟರ್ ಗಟ್ಟಿರಟ್ಟಿನಲ್ಲಿ ಮೊದಲ ಸಲ ಅಚ್ಚಾದದ್ದು ಬರೀ 500 ಪ್ರತಿ.

ಲೇಖನ ತಳ್ಳಿಹಾಕಿದ ಆ ಹೊಸಬರ ಕಾದಂಬರಿಯನ್ನು ನಾನು ಓದಿದ್ದೇನೆ. ನಡುವಿನ ಅಧ್ಯಾಯಗಳು ಸಡಿಲ, ಒಪ್ಪುತ್ತೇನೆ. ಆದರೂ ಅಲ್ಲಿ ಮಾಯೆ ಪುಕ್ಕಟೆ ಸಿಗುವುದಿಲ್ಲ. ಬಳಸಿದವರು ಪ್ರತಿಸಲ ಏನನ್ನಾದರೂ ಕಳೆದುಕೊಳ್ಳುತ್ತಾರೆ. ಆ ಕಟ್ಟುನಿಟ್ಟು ನನ್ನನ್ನು ಕೊನೆಯ ಪುಟದವರೆಗೂ ಹಿಡಿದಿಟ್ಟಿತು. ಲೇಖನದಲ್ಲಿ ಕಥೆಯ ಒಂದು ಪಾತ್ರದ ಹೆಸರೂ ಇಲ್ಲ. ಪುಸ್ತಕ ಪೂರ್ತಿ ಓದಿ, ಎಲ್ಲಿ ಸೋತಿದೆಯೆಂದು ಪುಟ ಹೇಳಿ ಬರೆಯಲಿ, ಅದಕ್ಕೂ ಉತ್ತರಿಸುತ್ತೇನೆ.