ಹೆಸರು ಹೇಳದ ನಾಟಕಕಾರ

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ವರ್ತಮಾನಗಳನ್ನು ಓದುವ ನಮ್ಮ ವಾಚಕರು, ಅಲ್ಲಿಯ ರಾಜಕಾರಣಿಗಳ ಬಾಯಲ್ಲಿ ‘ಮಾಟಗಾತಿಯರ ಬೇಟೆ’ ಎಂಬ ಮಾತು ಮೇಲಿಂದ ಮೇಲೆ ಬರುತ್ತಿರುವುದನ್ನು ಲಕ್ಷಿಸಿರಬಹುದು. ಡೊನಾಲ್ಡ್ ಟ್ರಂಪ್ ಅವರು ೨೦೧೭ನೆಯ ಇಸವಿಯಿಂದೀಚೆಗೆ ತಮ್ಮ ಮೇಲೆ ನಡೆದ ವಿಚಾರಣೆಗಳನ್ನು ಪದೇ ಪದೇ ಈ ಹೆಸರಿನಿಂದ ಕರೆಯುತ್ತ ಬಂದರು. ಅವರ ಆಡಳಿತವನ್ನು ವಿರೋಧಿಸುವವರು ಅದೇ ಮಾತನ್ನು ಅವರ ಕಡೆಗೇ ತಿರುಗಿಸಿದರು. ಎಲ್ಲರೂ ಆಡುವ ಮಾತಿಗೆ ಕೊನೆಗೆ ಅರ್ಥವೇ ಉಳಿಯದು. ಆದ್ದರಿಂದ ಅದರ ಮೂಲವನ್ನು ಶೋಧಿಸಿ ನೋಡುವುದು ಯುಕ್ತವೆಂದು ನಮಗೆ ತೋರುತ್ತದೆ. ಈ ಮಾತಿಗೆ ನಮ್ಮ ಕಾಲದ ರಾಜಕೀಯ ಅರ್ಥವನ್ನು ತಂದುಕೊಟ್ಟವರಲ್ಲಿ ನಾಟಕಕಾರ ಆರ್ಥರ್ ಮಿಲ್ಲರ್ ಅವರು ಅಗ್ರಗಣ್ಯರು. ಅವರು ಅದನ್ನು ಕೇವಲ ಬರೆದವರಲ್ಲ, ಅನುಭವಿಸಿಯೂ ನೋಡಿದವರು.

ಮಿಲ್ಲರ್ ಅವರು ಹುಟ್ಟಿದ್ದು ೧೯೧೫ನೆಯ ಅಕ್ಟೋಬರ್ ೧೭ರಂದು, ನ್ಯೂಯಾರ್ಕ್ ನಗರದಲ್ಲಿ. ಅವರ ತಂದೆ ಮಧ್ಯ ಯೂರೋಪಿನಿಂದ ವಲಸೆ ಬಂದ ಯೆಹೂದ್ಯರು. ಹೆಂಗಸರ ಉಡುಪುಗಳನ್ನು ತಯಾರಿಸುವ ಕಾರಖಾನೆಯಿಟ್ಟು ಐಶ್ವರ್ಯವಂತರಾಗಿದ್ದವರು. ೧೯೨೯ರಲ್ಲಿ ಷೇರುಪೇಟೆ ಕುಸಿದಾಗ ಆ ಐಶ್ವರ್ಯವೂ ಕುಸಿಯಿತು. ಕುಟುಂಬವು ಬ್ರೂಕ್‌ಲಿನ್ನಿನ ಸಣ್ಣ ಮನೆಯೊಂದನ್ನು ಸೇರಿತು. ಹುಡುಗನು ಮೋಟಾರು ಬಿಡಿಭಾಗಗಳ ಉಗ್ರಾಣದಲ್ಲಿ ದುಡಿದು, ಕೂಲಿಯಲ್ಲಿ ಉಳಿಸಿದ ಹಣದಿಂದ ೧೯೩೪ರಲ್ಲಿ ಮಿಷಿಗನ್ ವಿಶ್ವವಿದ್ಯಾನಿಲಯವನ್ನು ಸೇರಿದನು. ಬರೆದ ಮೊದಲ ನಾಟಕಕ್ಕೆ ೧೯೩೬ರಲ್ಲಿ ಅಲ್ಲಿಯೇ ಬಹುಮಾನ ದೊರೆಯಿತು. ನಿನ್ನೆಯ ಧನಿಕನು ಇಂದು ದರಿದ್ರನಾಗುವುದನ್ನು ಮನೆಯೊಳಗೇ ಕಂಡ ತರುಣನು, ಇದಕ್ಕೆ ಹೊಣೆ ಯಾರು ಎಂಬ ಪ್ರಶ್ನೆಯನ್ನು ಮುಂದೆಂದೂ ಕೈಬಿಡಲಿಲ್ಲ.

ಅವರಿಗೆ ಕೀರ್ತಿ ತಂದ ಮೊದಲ ನಾಟಕ ೧೯೪೭ರ ‘ಆಲ್ ಮೈ ಸನ್ಸ್’. ಯುದ್ಧಕಾಲದಲ್ಲಿ ಲಾಭಕ್ಕೆ ಕುಂದು ಬಾರದಿರಲೆಂದು ಬಿರುಕುಬಿಟ್ಟ ಯಂತ್ರಭಾಗಗಳನ್ನು ವಿಮಾನಗಳಿಗೆ ಸಾಗಿಸಿ, ೨೧ ಮಂದಿ ವಿಮಾನಚಾಲಕರ ಮರಣಕ್ಕೆ ಕಾರಣನಾದ ಕಾರಖಾನೆಯ ಒಡೆಯನ ಕಥೆಯದು. ೧೯೪೯ರ ಫೆಬ್ರವರಿ ೧೦ರಂದು ರಂಗಕ್ಕೆ ಬಂದ ‘ಡೆತ್ ಆಫ್ ಎ ಸೇಲ್ಸ್‌ಮನ್’ ಆ ಸಾಲಿನ ಪುಲಿಟ್ಜರ್ ಬಹುಮಾನವನ್ನು ಪಡೆದು ೭೪೨ ಬಾರಿ ಪ್ರದರ್ಶಿತವಾಯಿತು. ಆಯುಷ್ಯವೆಲ್ಲ ಒಂದೇ ಕಂಪೆನಿಯ ಸರಕನ್ನು ಊರೂರಿಗೆ ಹೊತ್ತು ಮಾರಿದ ವಿಲ್ಲಿ ಲೋಮನ್, ಅರವತ್ತು ದಾಟಿದ ಮೇಲೆ ಕೆಲಸದಿಂದ ತೆಗೆಯಲ್ಪಟ್ಟು, ತನ್ನ ಬದುಕಿಗಿಂತ ತನ್ನ ವಿಮೆಯ ಹಣವೇ ಮನೆಯವರಿಗೆ ಹೆಚ್ಚು ಬೆಲೆಯುಳ್ಳದ್ದೆಂದು ಎಣಿಸಿ ಪ್ರಾಣ ಬಿಡುತ್ತಾನೆ. ರಾಜರ ಪತನವನ್ನು ಮಾತ್ರವೇ ದುರಂತವೆಂದು ಕರೆಯುತ್ತಿದ್ದ ಪಂಡಿತರಿಗೆ, ಸಂಬಳದವನ ಪತನವೂ ದುರಂತವೇ ಎಂದು ಮಿಲ್ಲರ್ ತೋರಿಸಿಕೊಟ್ಟರು.

ಈ ಎರಡು ನಾಟಕಗಳನ್ನೂ ರಂಗಕ್ಕೆ ತಂದ ನಿರ್ದೇಶಕರು ಇಲಿಯಾ ಕಜಾನ್. ಮಿಲ್ಲರ್ ಅವರ ಆಪ್ತಮಿತ್ರರು. ಆಗ ಅಮೆರಿಕದಲ್ಲಿ ಕಮ್ಯೂನಿಸ್ಟರ ಭಯ ಹಬ್ಬಿತ್ತು. ‘ಅಮೆರಿಕ-ವಿರೋಧಿ ಚಟುವಟಿಕೆ’ಗಳನ್ನು ವಿಚಾರಿಸಲೆಂದು ಪ್ರತಿನಿಧಿ ಸಭೆಯು ನೇಮಿಸಿದ್ದ ಸಮಿತಿಯು, ಲೇಖಕರನ್ನೂ ನಟರನ್ನೂ ಕರೆಸಿ ಎರಡು ಪ್ರಶ್ನೆಗಳನ್ನು ಕೇಳುತ್ತಿತ್ತು: ನೀವು ಆ ಪಕ್ಷದವರಾಗಿದ್ದಿರಾ? ನಿಮ್ಮ ಸಂಗಡ ಯಾರಿದ್ದರು? ಹೆಸರು ಹೇಳಿದವನ ಉದ್ಯೋಗ ಉಳಿಯುತ್ತಿತ್ತು. ಹೇಳದವನಿಗೆ ಚಿತ್ರಶಾಲೆಗಳ ಬಾಗಿಲು ಮುಚ್ಚುತ್ತಿತ್ತು. ೧೯೫೨ರ ಏಪ್ರಿಲ್‌ನಲ್ಲಿ ಕಜಾನ್ ಅವರು ತಮ್ಮ ಹಳೆಯ ನಾಟಕಮಂಡಲಿಯ ಎಂಟು ಮಂದಿಯ ಹೆಸರುಗಳನ್ನು ಹೇಳಿದರು.

ಮಿಲ್ಲರ್ ಅವರು ಆ ದಿನಗಳಲ್ಲೇ ಮ್ಯಾಸಚೂಸೆಟ್ಸ್ ಪ್ರಾಂತದ ಸೇಲಂ ಊರಿಗೆ ಹೋಗಿ ಹಳೆಯ ನ್ಯಾಯಸ್ಥಾನದ ಕಾಗದಗಳನ್ನು ಓದಿದರು. ೧೬೯೨ರಲ್ಲಿ ಅಲ್ಲಿ ಮಾಟ ಮಾಡಿದರೆಂಬ ಆಪಾದನೆಯ ಮೇಲೆ ೧೯ ಮಂದಿಯನ್ನು ಗಲ್ಲಿಗೇರಿಸಿದರು. ಮುದುಕನೊಬ್ಬನನ್ನು ಎದೆಯ ಮೇಲೆ ಕಲ್ಲು ಹೇರಿ ಕೊಂದರು. ಆ ವಿಚಾರಣೆಯ ಕ್ರಮವು ವಿಚಿತ್ರವಾದುದು. ತಪ್ಪೊಪ್ಪಿಕೊಂಡು ಅದನ್ನೇ ಹಿಡಿದು ನಿಂತವರ ಪ್ರಾಣ ಉಳಿಯಿತು. ನಾನು ನಿರಪರಾಧಿಯೆಂದು ಸತ್ಯವನ್ನೇ ನುಡಿದವರು ನೇಣಿಗೆ ಹೋದರು. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡನೆಂಬ ಗಾದೆ ನಮ್ಮಲ್ಲುಂಟು. ಸೇಲಂನಲ್ಲಿ ಹೆಗಲು ಮುಟ್ಟಿಕೊಂಡವನು ಬದುಕಿದನು, ಮುಟ್ಟಿಕೊಳ್ಳದವನು ಸತ್ತನು. ಈ ವೃತ್ತಾಂತವನ್ನೇ ವಸ್ತುವಾಗಿಸಿ ಮಿಲ್ಲರ್ ಅವರು ರಚಿಸಿದ ‘ದಿ ಕ್ರೂಸಿಬಲ್’, ಎಂದರೆ ‘ಮೂಸೆ’, ೧೯೫೩ರ ಜನವರಿ ೨೨ರಂದು ರಂಗಕ್ಕೆ ಬಂದಿತು. ಅದರ ನಾಯಕನು ಪ್ರಾಣಭಯದಿಂದ ತನ್ನ ಮೇಲೆ ಸುಳ್ಳು ಹೊರಿಸಿಕೊಳ್ಳಲು ಒಪ್ಪುವನು. ಇತರರ ಹೆಸರು ಹೇಳಲು ಮಾತ್ರ ಒಪ್ಪನು. ಕಡೆಗೆ ತಾನು ಸಹಿ ಮಾಡಿದ ಕಾಗದವನ್ನೂ ಹರಿದು ನೇಣಿಗೆ ನಡೆಯುವನು.

ನಾಟಕ ಬರೆದ ಮೂರು ವರುಷಗಳ ತರುವಾಯ ಅದೇ ಪ್ರಶ್ನೆ ನಾಟಕಕಾರನಿಗೇ ಎದುರಾಯಿತು. ೧೯೫೪ರಲ್ಲಿ ಬ್ರಸೆಲ್ಸ್ ನಗರದಲ್ಲಿ ತಮ್ಮ ನಾಟಕವನ್ನು ನೋಡಲು ಹೊರಟಿದ್ದ ಅವರಿಗೆ ಸರ್ಕಾರವು ರಹದಾರಿಯನ್ನು ನಿರಾಕರಿಸಿತ್ತು. ೧೯೫೬ರ ಜೂನ್ ೨೧ರಂದು ಸಮಿತಿಯು ಅವರನ್ನು ಕರೆಸಿತು. ಚಿತ್ರತಾರೆ ಮರಿಲಿನ್ ಮನ್ರೋ ಅವರೊಡನೆ ಅವರ ವಿವಾಹವು ಆ ತಿಂಗಳಲ್ಲೇ ನಡೆಯುವುದಿತ್ತು. ಆದುದರಿಂದ ಪತ್ರಿಕೆಗಳ ದೃಷ್ಟಿಯೆಲ್ಲ ಅವರ ಮೇಲಿತ್ತು. ತಮ್ಮ ವಿಷಯವಾಗಿ ಕೇಳಿದ್ದಕ್ಕೆಲ್ಲ ಮಿಲ್ಲರ್ ಮುಚ್ಚುಮರೆಯಿಲ್ಲದೆ ಉತ್ತರಿಸಿದರು. ಕಮ್ಯೂನಿಸ್ಟ್ ಲೇಖಕರ ಸಭೆಗಳಿಗೆ ಹೋಗಿದ್ದುದನ್ನೂ ಒಪ್ಪಿಕೊಂಡರು. ಅಲ್ಲಿ ಇನ್ನಾರಿದ್ದರೆಂಬ ಪ್ರಶ್ನೆಗೆ ಮಾತ್ರ, ಮತ್ತೊಬ್ಬನ ಹೆಸರನ್ನು ಹೇಳಿ ಅವನಿಗೆ ತೊಂದರೆ ತರಲು ತಮ್ಮ ಮನಸ್ಸಾಕ್ಷಿಯು ಒಪ್ಪದೆಂದರು. ತನ್ನ ಮೇಲೆ ತಾನೇ ಸಾಕ್ಷ್ಯ ಕೊಡಬೇಕಾಗಿಲ್ಲವೆಂಬ ರಾಜ್ಯಾಂಗದ ರಕ್ಷಣೆಯನ್ನು ಕೂಡ ಅವರು ಬೇಡಲಿಲ್ಲ. ೧೯೫೭ರಲ್ಲಿ ನ್ಯಾಯಾಧೀಶರು ಅವರನ್ನು ಶಾಸನಸಭೆಯ ನಿಂದನೆಗಾಗಿ ಅಪರಾಧಿಯೆಂದು ತೀರ್ಮಾನಿಸಿ ೫೦೦ ಡಾಲರು ಜುಲ್ಮಾನೆಯನ್ನೂ, ಅಮಾನತಿನಲ್ಲಿಟ್ಟ ೩೦ ದಿನಗಳ ಸಜೆಯನ್ನೂ ವಿಧಿಸಿದರು. ೧೯೫೮ರಲ್ಲಿ ಅಪೀಲು ನ್ಯಾಯಸ್ಥಾನವು ಆ ತೀರ್ಪನ್ನು ರದ್ದುಮಾಡಿತು. ಆದರೆ ಅದು ವಿಚಾರಣೆಯ ಕ್ರಮದಲ್ಲಿದ್ದ ಲೋಪಕ್ಕಾಗಿ ಮಾತ್ರ. ಮನಸ್ಸಾಕ್ಷಿಯ ಹಕ್ಕನ್ನು ನ್ಯಾಯಸ್ಥಾನವು ಎತ್ತಿಹಿಡಿಯಿತೆಂದು ತಿಳಿಯುವುದು ತಪ್ಪಾಗುವುದು.

ಇದಕ್ಕೆ ಒಂದು ಆಕ್ಷೇಪಣೆಯುಂಟು. ಅದನ್ನು ಮರೆಮಾಚುವುದು ನ್ಯಾಯವಲ್ಲ. ಸೇಲಂನಲ್ಲಿ ಮಾಟಗಾತಿಯರಿರಲಿಲ್ಲ, ಅಮೆರಿಕದಲ್ಲಿ ಕಮ್ಯೂನಿಸ್ಟರಿದ್ದುದು ನಿಜವಷ್ಟೆ ಎಂದು ಅಂದಿನ ವಿಮರ್ಶಕರು ಕೇಳಿದರು. ಗೂಢಚಾರರೂ ಇದ್ದರು; ಪರಮಾಣು ರಹಸ್ಯವನ್ನು ರಷ್ಯಕ್ಕೆ ತಲುಪಿಸಿದುದನ್ನು ವಿಜ್ಞಾನಿ ಕ್ಲಾಸ್ ಫುಕ್ಸ್ ೧೯೫೦ರಲ್ಲಿ ತಾವೇ ಒಪ್ಪಿಕೊಂಡಿದ್ದರು. ರಾಜ್ಯವು ತನ್ನನ್ನು ತಾನು ರಕ್ಷಿಸಿಕೊಳ್ಳಬೇಡವೆಂದು ನಾವು ಹೇಳುವುದಿಲ್ಲ. ಆದರೆ ಗೂಢಚಾರನನ್ನು ಹಿಡಿಯುವುದು ರುಜುವಾತಿನಿಂದ, ನ್ಯಾಯಸ್ಥಾನದಲ್ಲಿ. ವರುಷಗಳ ಹಿಂದಿನ ಸಭೆಯಲ್ಲಿ ಪಕ್ಕದ ಕುರ್ಚಿಯಲ್ಲಿ ಯಾರು ಕುಳಿತಿದ್ದರೆಂದು ನಾಟಕಕಾರನನ್ನು ಕೇಳುವುದರಿಂದ ಯಾವ ರಹಸ್ಯವೂ ಉಳಿಯುವುದಿಲ್ಲ. ಅಲ್ಲಿ ಬೇಕಾಗಿದ್ದುದು ಮಾಹಿತಿಯಲ್ಲ, ತಲೆಬಾಗುವಿಕೆ. ಬೇಲಿಯೇ ಎದ್ದು ಹೊಲವನ್ನು ಮೇಯುವುದೆಂದರೆ ಇದೇ.

ಮಿಲ್ಲರ್ ಅವರು ಒಂದು ಪಕ್ಷದ ಪರವಾಗಿ ಮಾತ್ರ ಹೀಗೆ ನಿಂತಿದ್ದರೆ ಅವರ ಧೈರ್ಯಕ್ಕೆ ಅರ್ಧ ಬೆಲೆಯಷ್ಟೇ ಬರುತ್ತಿತ್ತು. ೧೯೬೫ರಲ್ಲಿ ಪೆನ್ ಎಂಬ ಅಂತರರಾಷ್ಟ್ರೀಯ ಲೇಖಕರ ಸಂಸ್ಥೆಯ ಅಧ್ಯಕ್ಷರಾದ ಮೇಲೆ ಅವರು ರಷ್ಯದಲ್ಲಿ ಪೀಡೆಗೊಳಗಾದ ಬರಹಗಾರರಿಗಾಗಿಯೂ ದನಿಯೆತ್ತಿದರು. ೧೯೭೦ರಲ್ಲಿ ಅಲ್ಲಿಯ ಸರ್ಕಾರವು ಅವರ ಕೃತಿಗಳನ್ನು ನಿಷೇಧಿಸಿತು. ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ಸ್ವದೇಶದ ಸರ್ಕಾರಕ್ಕೂ ಅವರು ಅಪ್ರಿಯರಾದರು. ೧೯೮೫ರಲ್ಲಿ ಇಂಗ್ಲಿಷ್ ನಾಟಕಕಾರ ಹೆರಾಲ್ಡ್ ಪಿಂಟರ್ ಅವರೊಡನೆ ತುರ್ಕಿಗೆ ಹೋಗಿ ಸೆರೆಯಲ್ಲಿದ್ದ ಲೇಖಕರ ಪರವಾಗಿ ಮಾತನಾಡಿದರು. ಹೆಸರು ಹೇಳಿದ ಕಜಾನರೊಡನೆಯೂ ಹಗೆಯನ್ನು ಕೊನೆಯವರೆಗೆ ಸಾಧಿಸಲಿಲ್ಲ. ೧೯೬೪ರಲ್ಲಿ ಇಬ್ಬರೂ ಮತ್ತೆ ಒಂದೇ ನಾಟಕಕ್ಕಾಗಿ ದುಡಿದರು. ಹಾಗೆಂದು ಅವರನ್ನು ದೇವರನ್ನಾಗಿ ಮಾಡಬೇಕಾಗಿಲ್ಲ. ಹುಟ್ಟಿನಿಂದಲೇ ಬುದ್ಧಿಯ ಬೆಳವಣಿಗೆ ಕುಂದಿದ್ದ ಮಗನನ್ನು ಅವರು ಸಂಸ್ಥೆಯೊಂದಕ್ಕೆ ಸೇರಿಸಿದರು, ತಮ್ಮ ಆತ್ಮಕಥೆಯಲ್ಲಿ ಅವನ ಸುದ್ದಿಯನ್ನೇ ಎತ್ತಲಿಲ್ಲ. ಹೆಸರನ್ನು ಹೇಳದಿರುವುದು ಒಂದೆಡೆ ಧರ್ಮವಾದರೆ ಇನ್ನೊಂದೆಡೆ ಲೋಪವಾಗುವುದೆಂಬುದು ಅವರ ಜೀವನದಿಂದಲೇ ತಿಳಿಯುತ್ತದೆ. ೨೦೦೫ರ ಫೆಬ್ರವರಿ ೧೦ರಂದು, ತಮ್ಮ ೮೯ನೆಯ ವಯಸ್ಸಿನಲ್ಲಿ, ಅವರು ಕಾಲವಶರಾದರು. ಅವರನ್ನು ವಿಚಾರಿಸಿದ ಸಮಿತಿಯನ್ನು ೧೯೭೫ರಲ್ಲೇ ಪ್ರತಿನಿಧಿ ಸಭೆಯು ವಿಸರ್ಜಿಸಿತ್ತು.

ಈಗ ಮೊದಲಿನ ಮಾತಿಗೆ ಹಿಂದಿರುಗೋಣ. ಅಧಿಕಾರಸ್ಥನೊಬ್ಬನ ಕೃತ್ಯಗಳನ್ನು ದಾಖಲೆಯಿಟ್ಟು, ವಕೀಲರನ್ನು ನೇಮಿಸಿಕೊಳ್ಳಲು ಅವಕಾಶವಿತ್ತು, ನ್ಯಾಯಸ್ಥಾನದ ಮುಂದೆ ವಿಚಾರಿಸುವುದು ಮಾಟಗಾತಿಯರ ಬೇಟೆಯಲ್ಲ. ಅದು ಎಷ್ಟೇ ಕಹಿಯಾಗಿರಲಿ, ರಾಜ್ಯಧರ್ಮ. ಬೇಟೆಯ ಲಕ್ಷಣಗಳು ಬೇರೆ. ಆಪಾದನೆಯೇ ಅಲ್ಲಿ ರುಜುವಾತಾಗುವುದು. ಕೃತ್ಯಕ್ಕೆ ಬದಲಾಗಿ ಅಭಿಪ್ರಾಯವು ಅಪರಾಧವಾಗುವುದು. ತಪ್ಪಿಸಿಕೊಳ್ಳುವ ಬಾಗಿಲು ಒಂದೇ ಇದ್ದು, ಇನ್ನೊಬ್ಬನನ್ನು ಒಳಕ್ಕೆ ನೂಕಿದವನಿಗೆ ಮಾತ್ರ ಅದು ತೆರೆಯುವುದು. ಈ ಮೂರೂ ಕೂಡಿದೆಡೆಯಲ್ಲಿ, ಅಧಿಕಾರದಲ್ಲಿರುವ ಪಕ್ಷ ಯಾವುದೇ ಆಗಲಿ, ಅದು ಬೇಟೆಯೇ. ಇವು ಇಲ್ಲದೆಡೆಯಲ್ಲಿ ಆ ಹೆಸರನ್ನು ಹಿಡಿದು ಕೂಗುವವನು ಸೇಲಂನಲ್ಲಿ ಮಡಿದವರ ಹೆಸರನ್ನು ತನ್ನ ಮರೆಗೆ ಬಳಸಿಕೊಳ್ಳುವವನು.

ಬ್ರಸೆಲ್ಸ್‌ಗೆ ಹೋಗಬೇಕಾಗಿದ್ದವರಿಗೆ ರಹದಾರಿಯಿಲ್ಲವೆಂದು ಬರೆದ ಕೈ ಒಬ್ಬ ಅಧಿಕಾರಿಯದು. ಸಮಿತಿಯ ಮುಂದೆ ಪ್ರಶ್ನೆಗಳನ್ನು ಅಣಿಮಾಡಿ ಇಟ್ಟವರೂ ಸರ್ಕಾರದ ಸಂಬಳದವರೇ. ಅವರಲ್ಲಿ ಬಹುಮಂದಿ ಕೆಟ್ಟವರಾಗಿರಲಿಕ್ಕಿಲ್ಲ. ಕಾಗದ ಬಂದಿತು, ಕೆಲಸ ಮುಗಿಸಿದರು, ಅಷ್ಟೇ. ಅಧಿಕಾರದಲ್ಲಿರುವ ನಮ್ಮ ವಾಚಕರಿಗೆ ನಾವು ಸೂಚಿಸುವುದಿಷ್ಟು: ನೀನು ಏನು ಮಾಡಿದೆ ಎಂದು ಪ್ರಜೆಯನ್ನು ಕೇಳುವ ಹಕ್ಕು ರಾಜ್ಯಕ್ಕುಂಟು, ಅಪರಾಧವು ನಡೆದಿದ್ದರೆ ಜೊತೆಗಾರರನ್ನು ಕೇಳುವ ಹಕ್ಕೂ ಉಂಟು. ಅಪರಾಧವೇ ಇಲ್ಲದೆಡೆ ನಿನ್ನ ಗೆಳೆಯರು ಯಾರು ಎಂದು ಕೇಳುವಂತೆ ಆಜ್ಞೆ ಬಂದ ದಿನ, ಲೇಖನಿಯನ್ನು ಮಸಿಯಲ್ಲಿ ಅದ್ದುವ ಮೊದಲು ಒಂದು ಗಳಿಗೆ ತಡೆದು ಯೋಚಿಸುವುದು ಲೇಸು.